ರೋಡ್ ಬೈಕ್‌ಗೆ ಬೇರೆ ಸೀಟು ಹಾಕಬೇಕು: 50 ಕಿ.ಮೀ. ದಾಟಿದ ಮೇಲೆ ಕೂರೋಕೇ ಆಗ್ತಿಲ್ಲ

ಗುಡ್ಡದದಾರಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ರೋಡ್ ಬೈಕ್, ಅಂದರೆ ತೆಳು ಟೈರಿನ, ಮುಂದಕ್ಕೆ ಬಗ್ಗಿ ತುಳಿಯುವ ಸೈಕಲ್ ತಗೊಂಡು ಹದಿಮೂರು ತಿಂಗಳಾಯಿತು. ವಯಸ್ಸು 43, ತೂಕ 74 ಕೆ.ಜಿ. ವಾರದ ನಡುವೆ ಒಂದು ದಿನ ಹೆಸರಘಟ್ಟ ಕಡೆ ಹೋಗಿ ಬರುತ್ತೇನೆ. ಭಾನುವಾರ ನಂದಿ ಬೆಟ್ಟ, ಇಲ್ಲವೇ ಘಾಟಿ ಸುಬ್ರಹ್ಮಣ್ಯ. ದಮ್ಮು ಚೆನ್ನಾಗಿದೆ, ಕಾಲಿಗೂ ತೊಂದರೆ ಇಲ್ಲ. ತೊಂದರೆ ಇರುವುದು ಸೀಟಿನಲ್ಲಿ.

ಹೋಗುವಾಗ ದೇವನಹಳ್ಳಿ ದಾಟುವ ತನಕ ಆರಾಮ. ಬೆಟ್ಟ ಹತ್ತಿ ಇಳಿದು ವಾಪಸ್ ಹೊರಟ ಮೇಲೆ ಶುರುವಾಗುತ್ತದೆ. ಮೊದಲು ಎಡಗಡೆ ಮೂಳೆ ಚುಚ್ಚಿದ ಹಾಗೆ ನೋವು. ಆಮೇಲೆ ಮುಂದುಗಡೆ ಜೋಮು. ಎರಡು ನಿಮಿಷ ಎದ್ದು ನಿಂತು ತುಳಿದರೆ ಹೋಗುತ್ತದೆ, ಕೂತ ಐದು ನಿಮಿಷಕ್ಕೆ ಮತ್ತೆ ಹಾಜರು. ಕಳೆದ ವಾರ ಯಲಹಂಕದ ಹತ್ತಿರ ಬೈಕ್ ನಿಲ್ಲಿಸಿ ಫುಟ್‌ಪಾತ್ ಮೇಲೆ ಕಾಲು ಗಂಟೆ ಸುಮ್ನೆ ನಿಂತಿದ್ದೆ. ಮನೆಗೆ ಬಂದು ಸ್ನಾನಕ್ಕೆ ಹೋದರೆ ತೊಡೆ ಸಂದಿಯಲ್ಲಿ ಉರಿ.

ಬೈಕ್ ಜೊತೆ ಬಂದ ಸೀಟಿನ ಮೇಲೆ ಜೆಲ್ ಕವರ್ ಹಾಕಿ ನೋಡಿದೆ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಜೋಮು ಇನ್ನೂ ಜಾಸ್ತಿ ಆಯಿತು. ಅಂಗಡಿಯಲ್ಲಿ ಕೇಳಿದೆ. ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿ, "ಹತ್ತಿ ಇದ್ದ ಹಾಗಿದೆ ಸರ್" ಎಂದು ಒಂದು ದಪ್ಪ ಸೀಟು ಕೊಟ್ಟರು. ಅದೂ ಆಗಲಿಲ್ಲ. ವಾಪಸ್ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಈಗ ಹಳೆಯದನ್ನೇ ಮತ್ತೆ ಹಾಕಿಕೊಂಡಿದ್ದೇನೆ.

ಇನ್ನು ಎರಡೂವರೆ ತಿಂಗಳಿಗೆ ಮೊದಲ 200 ಕಿ.ಮೀ. ಬಿಆರ್‌ಎಂ (ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್) ಮಾಡಬೇಕು ಅಂತ ಆಸೆ. 13 ಗಂಟೆ 30 ನಿಮಿಷ ಸಮಯ ಕೊಡುತ್ತಾರೆ. ಅಷ್ಟರಲ್ಲಿ ಮುಗಿಸುತ್ತೇನೆ ಅನ್ನುವ ಧೈರ್ಯ ಇದೆ. ಅಷ್ಟು ಹೊತ್ತು ಕೂರುವುದು ಹೇಗೆ ಅನ್ನುವುದೇ ಚಿಂತೆ. ಯಾವ ಸೀಟು ತಗೊಳ್ಳಲಿ? ಹೆಸರು ಹೇಳಿದರೆ ನಾಳೆಯೇ ಆರ್ಡರ್ ಮಾಡುತ್ತೇನೆ.

ಬೆಳಗಿನಗಾಳಿ, ತುಮಕೂರು

ಸ್ಪೆಷಲೈಸ್ಡ್ ಕಂಪನಿಯ ಪವರ್ ಅನ್ನುವ ಸೀಟು ತಗೊಳ್ಳಿ ಸರ್. ಮೂತಿ (ಸೀಟಿನ ಮುಂದಿನ ಕಿರಿದಾದ ಭಾಗ) ಗಿಡ್ಡ, ನಡುವೆ ಉದ್ದಕ್ಕೆ ತೆರವು ಇದೆ. ಅದರ ಮೇಲೆ 9 ಸಾವಿರ ಕಿ.ಮೀ. ಓಡಿಸಿದ್ದೇನೆ, ಒಂದು ದಿನವೂ ಜೋಮು ಬಂದಿಲ್ಲ.

ಚಾಮುಂಡಿಏರು, ಮೈಸೂರು

ಗುಡ್ಡದದಾರಿ ಸರ್, ನಾಳೆ ಆರ್ಡರ್ ಮಾಡಬೇಡಿ. ಒಂದು ವಾರ ತಡೆಯಿರಿ. ತುಮಕೂರಿನ ಗೆಳೆಯರು ಹೇಳಿದ್ದು ಒಳ್ಳೆಯ ಸೀಟೇ, ಆದರೆ ಅದೇ ಸೀಟು 143, 155, 168 ಮಿ.ಮೀ. ಅಗಲದಲ್ಲಿ ಬರುತ್ತದೆ. ನಿಮಗೆ ಯಾವುದು ಅಂತ ಗೊತ್ತಿಲ್ಲದೆ ಆರ್ಡರ್ ಮಾಡುವುದು ನಂಬರ್ ನೋಡದೆ ಚಪ್ಪಲಿ ತಗೊಂಡ ಹಾಗೆ.

ನೀವು ಬರೆದಿದ್ದರಲ್ಲಿ ಮೂರು ಬೇರೆ ಬೇರೆ ನೋವು ಇವೆ. ಮೂಳೆ ನೋವು ಒಂದು, ಜೋಮು ಒಂದು, ಚರ್ಮ ಉಜ್ಜಿ ಉರಿಯುವುದು ಇನ್ನೊಂದು. ಮೂರನ್ನೂ ಸೇರಿಸಿ "ಸೀಟು ಸರಿಯಿಲ್ಲ" ಅಂದುಬಿಡುತ್ತೇವೆ. ನಾನೂ ನಾಲ್ಕು ವರ್ಷ ಹಾಗೇ ಮಾಡಿ ಐದು ಸೀಟು ಬದಲಾಯಿಸಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಟ್ಟಿ ಬೆಂಚಿನ ಮೇಲೆ ಅಂಗೈ ಮೇಲ್ಮುಖವಾಗಿ ಇಟ್ಟು ಅದರ ಮೇಲೆ ಕೂತು ನೋಡಿ. ಎರಡು ಕಡೆ ಎರಡು ಮೂಳೆಗಳ ಗುಬುಟು ಕೈಗೆ ಸಿಗುತ್ತವೆ. ದೇವರು ಕೂರುವುದಕ್ಕೆ ಅಂತ ಕೊಟ್ಟಿರುವುದು ಅವೇ. ಅವುಗಳ ನಡುವಿನ ಅಂತರ ಬಹಳ ಜನರಲ್ಲಿ 100ರಿಂದ 150 ಮಿ.ಮೀ. ಒಳಗೆ ಇರುತ್ತದೆ. ಎತ್ತರ, ತೂಕ, ಸೊಂಟದ ಸುತ್ತಳತೆ ನೋಡಿ ಅದನ್ನು ಹೇಳಲು ಬರುವುದಿಲ್ಲ. ನನ್ನ ತಮ್ಮ ನನಗಿಂತ ಒಂದು ಅಡಿ ದಪ್ಪಗೆ ಕಾಣುತ್ತಾನೆ, ಅವನ ಅಂತರ ನನಗಿಂತ 9 ಮಿ.ಮೀ. ಕಮ್ಮಿ.

ಆ ಎರಡು ಗುಬುಟುಗಳೂ ಸೀಟಿನ ಹಿಂಭಾಗದ ಸಪಾಟಾದ ಜಾಗದ ಮೇಲೆ ಕೂರಬೇಕು. ಸೀಟು ಕಿರಿದಾದರೆ ಗುಬುಟು ಅಂಚಿನಿಂದ ಆಚೆಗೆ ಜಾರಿ, ಭಾರವೆಲ್ಲ ನಡುವಿನ ಮೆತ್ತನೆ ಭಾಗಕ್ಕೆ ಬೀಳುತ್ತದೆ. ಸೀಟು ಜಾಸ್ತಿ ಮೆತ್ತಗಿದ್ದರೂ ಅದೇ ಗತಿ. ಮೂಳೆ ಒಳಗೆ ಹೂತುಕೊಳ್ಳುತ್ತದೆ, ನಡುವಿನ ಜೆಲ್ ಉಬ್ಬಿ ಮೇಲಕ್ಕೆ ಒತ್ತುತ್ತದೆ. ನಿಮ್ಮ ಕವರ್ ಹಾಕಿದ ಮೇಲೆ ಜೋಮು ಜಾಸ್ತಿ ಆಗಿದ್ದು ಇದಕ್ಕೇ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ.

ಅಳತೆ ಮನೆಯಲ್ಲೇ ತೆಗೆಯಬಹುದು. ಮಿಕ್ಸಿ, ಟಿವಿ ಪ್ಯಾಕ್ ಆಗಿ ಬರುತ್ತದಲ್ಲ, ಒಳಗೆ ಅಲೆಅಲೆ ಇರುವ ರಟ್ಟು, ಅದರ ಒಂದು ತುಂಡು ತಗೊಳ್ಳಿ. ಮೆಟ್ಟಿಲಿನ ಕೆಳಗಿನ ಹಂತದ ಮೇಲೆ ಇಟ್ಟು, ತೆಳು ಚಡ್ಡಿಯಲ್ಲಿ ಕೂರಿ. ಹಂತ ತಗ್ಗಾಗಿದ್ದರೆ ಮಂಡಿ ಮೇಲೆ ಬರುತ್ತದೆ, ಮೂಳೆ ಚೆನ್ನಾಗಿ ಒತ್ತುತ್ತದೆ. ಹ್ಯಾಂಡಲ್ ಹಿಡಿದ ಹಾಗೆ ಸ್ವಲ್ಪ ಮುಂದಕ್ಕೆ ಬಗ್ಗಿ, ಎರಡೂ ಕೈಯಲ್ಲಿ ಹಂತದ ಅಂಚು ಹಿಡಿದು ಕೆಳಕ್ಕೆ ಎಳೆದುಕೊಳ್ಳಿ. ಅರ್ಧ ನಿಮಿಷ ಸಾಕು. ಎದ್ದ ಮೇಲೆ ರಟ್ಟಿನ ಮೇಲೆ ರಂಗೋಲಿ ಪುಡಿ ಉದುರಿಸಿ ಮೆಲ್ಲಗೆ ಸವರಿ. ಎರಡು ಗುಂಡಿಗಳಲ್ಲಿ ಪುಡಿ ನಿಲ್ಲುತ್ತದೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲ್ ಇಟ್ಟು ಅಳೆಯಿರಿ. ಮೂರು ಸಲ ಮಾಡಿ.

ಬಂದ ಅಳತೆಗೆ 20ರಿಂದ 25 ಮಿ.ಮೀ. ಸೇರಿಸಿದರೆ ರೋಡ್ ಬೈಕ್‌ಗೆ ಹತ್ತಿರದ ಅಗಲ ಸಿಗುತ್ತದೆ. ತೀರಾ ಬಗ್ಗಿ ಓಡಿಸುವವರು ಕಮ್ಮಿ ಸೇರಿಸಬೇಕು, ಏಕೆಂದರೆ ಸೊಂಟ ಮುಂದಕ್ಕೆ ವಾಲಿದಷ್ಟೂ ಮೂಳೆಯ ಕಿರಿದಾದ ಮುಂಭಾಗ ಸೀಟಿಗೆ ತಾಗುತ್ತದೆ. ನೆಟ್ಟಗೆ ಕೂರುವವರು ಜಾಸ್ತಿ ಸೇರಿಸಬೇಕು. ನಮ್ಮ ತಂದೆಯವರ ಕಾಲದ ದೊಡ್ಡ ಸೈಕಲ್‌ಗೆ ಸ್ಪ್ರಿಂಗ್ ಹಾಕಿದ ಅಗಲ ಸೀಟು ಒಪ್ಪುತ್ತಿತ್ತು ಅಂದರೆ ಅವರು ಕುರ್ಚಿಯಲ್ಲಿ ಕೂತ ಹಾಗೆ ಕೂರುತ್ತಿದ್ದರು. ಅದೇ ಸೀಟನ್ನು ರೋಡ್ ಬೈಕ್‌ಗೆ ಹಾಕಿದರೆ ತೊಡೆ ಸುಲಿದುಹೋಗುತ್ತದೆ.

ಅಳತೆ ತೆಗೆದು ಇಲ್ಲಿ ಹಾಕಿ. ಹಳೆಯ ಸೀಟಿನ ಅಗಲವನ್ನೂ ಹಾಕಿ.

ಗೋಳಗುಮ್ಮಟ, ವಿಜಯಪುರ

ಮೈಸೂರಿನವರು ಹೇಳಿದ್ದು ಖರೆ ಅದ. ಆದರೆ ನನ್ನದೊಂದು ಮಾತು ಕೇಳ್ರಿ. ನಮ್ಮ ಕಡೆ ಹುಡುಗರು ಹಲಗೆ ಹಾಗಿರುವ ಸೀಟಿನ ಮೇಲೆ ನೂರು ಕಿ.ಮೀ. ಆರಾಮ ಹೋಗುತ್ತಾರೆ. ನಾನೂ ಹತ್ತು ವರ್ಷ ರೇಸ್ ಓಡಿಸಿದವನು. ಮೊದಲ ಎರಡು ಮೂರು ವಾರ ಎಲ್ಲರಿಗೂ ನೋವು ಬರುತ್ತದೆ, ಆಮೇಲೆ ರೂಢಿ ಆಗುತ್ತದೆ. ನಿಮಗೆ ಹದಿಮೂರು ತಿಂಗಳಾದರೂ ಹೋಗಿಲ್ಲ ಅಂದರೆ ಅದು ರೂಢಿಯ ಮಾತಲ್ಲ.

ನೋವು ಎಡಗಡೆ ಮಾತ್ರ ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲಿ. ಸೀಟು ಎತ್ತರ ಆಗಿರಬೇಕು. ಎತ್ತರ ಆದರೆ ಕೆಳಗಿನ ಪೆಡಲ್ ಮುಟ್ಟಲು ಸೊಂಟ ಒಂದು ಕಡೆಗೆ ಇಳಿಯುತ್ತದೆ. ಹಾಗೆ ಒಂದು ತಾಸಿನಲ್ಲಿ ಐದು ಸಾವಿರ ಸಲ ಸೊಂಟ ಅಲ್ಲಾಡಿದರೆ ಯಾವ ಸೀಟು ಹಾಕಿದರೂ ಅಷ್ಟೇ. ಮನೆಯವರಿಗೆ ಹೇಳಿ ಹಿಂದಿನಿಂದ ಒಂದು ವಿಡಿಯೊ ತೆಗೆಸಿರಿ. ಬೈಕನ್ನು ನಿಂತಲ್ಲೇ ತುಳಿಯುವ ಟ್ರೇನರ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಆಗುತ್ತದೆ. ಚಡ್ಡಿಯ ಮೇಲಿನ ಪಟ್ಟಿ ತಕ್ಕಡಿ ಹಾಗೆ ಮೇಲೆ ಕೆಳಗೆ ಆಡುತ್ತಿದ್ದರೆ ಸೀಟು ಎತ್ತರ ಅಂತ ತಿಳೀರಿ.

ಲೆಕ್ಕ ಬೇಕೆಂದರೆ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಒಂದು ಲೆಕ್ಕ ಇದೆ. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಮನುಷ್ಯ, 1986, 1989, 1990. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಕಾಲ ಸಂದಿಗೆ ಒಂದು ಗಟ್ಟಿ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನ ತನಕ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಎರಡೂ ಪೆಡಲ್‌ಗಳ ತೋಳು ಸುತ್ತುವ ನಡು ಬೋಲ್ಟಿನಿಂದ ಸೀಟಿನ ಮೇಲ್ಭಾಗದ ತನಕ, ಸೀಟ್ ಪೋಸ್ಟ್‌ಗೆ (ಸೀಟು ಹೊತ್ತ ಕೊಳವೆಗೆ) ಸಮನಾಗಿ, ಅಷ್ಟೇ ಇರಬೇಕು. ಅದು ಶುರು ಮಾಡುವ ಜಾಗ ಅಷ್ಟೇ, ಅಲ್ಲಿಂದ 5 ಮಿ.ಮೀ. ಆಚೆ ಈಚೆ ನಿಮ್ಮ ಮೈ ಹೇಳಿದ ಹಾಗೆ.

ಗುಡ್ಡದದಾರಿ, ಬೆಂಗಳೂರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಅಳತೆ ಮಾಡಿದೆ.

ರಟ್ಟಿನ ಮೇಲೆ ಮೊದಲ ಸಲ ಗುಂಡಿ ಸರಿಯಾಗಿ ಕಾಣಲಿಲ್ಲ, ಮನೆಯಾಕೆ ರಂಗೋಲಿ ಪುಡಿ ಹಾಕಿ ಒಂದು ಕಾಗದದಿಂದ ಸವರಿದ ಮೇಲೆ ಎರಡು ಬಿಳಿ ಬೊಟ್ಟು ಚೆನ್ನಾಗಿ ಎದ್ದು ಬಂದವು. 127, 128, 128. ಹಳೆಯ ಸೀಟಿನ ಅಗಲ 140. ಅಂಗಡಿಯವರು ಕೊಟ್ಟ ದಪ್ಪ ಸೀಟು 182!

ಕಾಲಿನ ಅಳತೆ 79 ಸೆ.ಮೀ. ಗುಣಿಸಿದರೆ 69.8. ನನ್ನ ಸೀಟು 71.2ರಲ್ಲಿ ಇತ್ತು. ಕಾಲು ಪೂರ್ತಿ ಚಾಚಿದರೆ ಶಕ್ತಿ ಜಾಸ್ತಿ ಬರುತ್ತದೆ ಅಂತ ಯಾರೋ ಹೇಳಿದ್ದರು, ಆರು ತಿಂಗಳ ಹಿಂದೆ ನಾನೇ ಏರಿಸಿದ್ದೆ. ವಿಡಿಯೊದಲ್ಲಿ ಸೊಂಟ ಅಲ್ಲಾಡುವುದು ಸ್ಪಷ್ಟವಾಗಿ ಕಾಣುತ್ತದೆ, ಎಡಕ್ಕೆ ಜಾಸ್ತಿ. ಒಂದೇ ಸಲ ಇಳಿಸಲಾ?

ಗೋಳಗುಮ್ಮಟ, ವಿಜಯಪುರ

ಒಂದೇ ಸಲ ಬೇಡ್ರಿ. ಈ ವಾರ 5 ಮಿ.ಮೀ., ಮುಂದಿನ ವಾರ 5. ಮಂಡಿಗೂ ಹೊಂದಿಕೊಳ್ಳಲು ಟೈಮ್ ಬೇಕು. ಪೋಸ್ಟ್ ಮೇಲೆ ಹಳೆಯ ಜಾಗಕ್ಕೆ ಕರೆಂಟ್ ಕೆಲಸದ ಟೇಪ್ ಸುತ್ತಿಡಿರಿ, ದಾರಿ ತಪ್ಪಿದರೆ ವಾಪಸ್ ಬರಬಹುದು.

ಮಲ್ಲಿಗೆಹಾದಿ, ಹುಬ್ಬಳ್ಳಿ

ಇದನ್ನು ಓದುವ ಹೆಣ್ಣುಮಕ್ಕಳಿಗಾಗಿ ನಾನೂ ಬರೆಯುತ್ತೇನೆ. ನಮ್ಮ ಗುಂಪಿನಲ್ಲಿ ಈ ವಿಷಯ ಬಾಯಿಬಿಟ್ಟು ಮಾತಾಡಲು ಎರಡು ವರ್ಷ ಬೇಕಾಯಿತು. ಎಲ್ಲರಿಗೂ ನೋವಿತ್ತು, ಎಲ್ಲರೂ ತನಗೊಬ್ಬಳಿಗೇ ಅಂದುಕೊಂಡಿದ್ದರು. ಒಬ್ಬ ಗೆಳತಿ ಮುಂಭಾಗ ಊದಿಕೊಂಡು ಮೂರು ದಿನ ಕೂರಲು ಆಗದೆ ಇದ್ದರೂ "ಸೈಕಲ್ ಅಂದರೆ ಹೀಗೇ ಇರಬೇಕು" ಅಂತ ಸುಮ್ಮನಿದ್ದಳು. ಹಾಗೆ ಇರಬೇಕಾಗಿಲ್ಲ. ಊತ, ಗಂಟು, ಚರ್ಮದ ಬಣ್ಣ ಬದಲಾದರೆ ಓಡಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

"ಲೇಡೀಸ್ ಸೀಟು" ಅಂತ ಬರೆದಿದ್ದರೆ ಸಾಕು ಅಂತ ನಂಬಬೇಡಿ. ಸಾಮಾನ್ಯವಾಗಿ ಹೆಣ್ಣುಮಕ್ಕಳ ಮೂಳೆಗಳ ಅಂತರ ಸ್ವಲ್ಪ ಜಾಸ್ತಿ ಇರುತ್ತದೆ, ಆದರೆ ನಮ್ಮ ಐದು ಜನರಲ್ಲೇ 112ರಿಂದ 142ರ ತನಕ ಬಂತು. ನನ್ನದು 142, 168ರ ಸೀಟು ಹಾಕಿಕೊಂಡಿದ್ದೇನೆ. 112 ಇರುವ ಗೆಳತಿ ಗಂಡಸರ ಸಾಮಾನ್ಯ 143ರಲ್ಲೇ ಆರಾಮ.

ತೆರವು ಇರುವ ಸೀಟು ಎಲ್ಲರಿಗೂ ಒಳ್ಳೆಯದು ಅನ್ನುವುದೂ ತಪ್ಪು. ನನಗೆ ಆ ತೆರವಿನ ಅಂಚುಗಳೇ ಒತ್ತುತ್ತಿದ್ದವು. ಮೆತ್ತನೆ ಭಾಗ ಆ ತೂತಿನೊಳಗೆ ಇಳಿದು ಊದಿಕೊಳ್ಳುವುದೂ ಉಂಟು. 2018ರಲ್ಲಿ ಸ್ಪೆಷಲೈಸ್ಡ್‌ನವರು ಮಿಮಿಕ್ ಅಂತ ತಂದರು, ತೆರವಿನ ಜಾಗದಲ್ಲಿ ಬೇರೆ ಬೇರೆ ಗಟ್ಟಿತನದ ಫೋಮ್ ತುಂಬಿರುತ್ತದೆ. ನನಗೆ ಕೊನೆಗೆ ಆಗಿಬಂದಿದ್ದು ಆ ಥರದ್ದು. ಹೆಣ್ಣುಮಕ್ಕಳಿಗೆ ಅಂತ ಮಾಡಿದ್ದು, ಈಗ ಎಷ್ಟೋ ಗಂಡಸರೂ ಅದನ್ನೇ ಹಾಕುತ್ತಾರೆ.

ಗುಡ್ಡದದಾರಿ ಅಣ್ಣಾ, ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಸೈಕಲ್‌ಗೆ ಅಂತ ಕೂರುವ ಕಡೆ ಮೆತ್ತೆ ಹೊಲಿದ ಪ್ಯಾಡ್ ಚಡ್ಡಿ ಒಳಗೆ ಬೇರೆ ಒಳಚಡ್ಡಿ ಹಾಕುತ್ತೀರಾ?

ಗುಡ್ಡದದಾರಿ, ಬೆಂಗಳೂರು

ಹೌದು ಅಕ್ಕಾ, ಕಾಟನ್‌ದು. ಹಾಕಬಾರದಾ?

ಮಲ್ಲಿಗೆಹಾದಿ, ಹುಬ್ಬಳ್ಳಿ

ಹಾಕಲೇಬಾರದು. ನಿಮ್ಮ ಉರಿಗೆ ಕಾರಣ ಅಲ್ಲೇ ಇದೆ. ಕಾಟನ್ ಬೆವರು ಹಿಡಿದುಕೊಂಡು ಒದ್ದೆಯಾಗಿಯೇ ಇರುತ್ತದೆ. ಅದರ ಹೊಲಿಗೆ ತೊಡೆ ಸಂದಿಗೆ ಸರಿಯಾಗಿ ಬರುತ್ತದೆ, ಪ್ಯಾಡ್‌ಗೂ ಚರ್ಮಕ್ಕೂ ನಡುವೆ ಸಿಕ್ಕಿ ಉಜ್ಜುತ್ತದೆ. ಪ್ಯಾಡ್ ಚಡ್ಡಿ ನೇರವಾಗಿ ಮೈಗೆ ಹಾಕುವುದಕ್ಕೇ ಮಾಡಿದ್ದು. ಬಿಗಿಯಾಗಿ, ಸುಕ್ಕಿಲ್ಲದೆ ಕೂರಬೇಕು. ಹೆಗಲಿಗೆ ಪಟ್ಟಿ ಇರುವ ಬಿಬ್ ಆದರೆ ಪ್ಯಾಡ್ ಜಾರುವುದಿಲ್ಲ. ಒಂದು ರೈಡ್‌ಗೆ ಹಾಕಿದ್ದನ್ನು ಒಗೆಯದೆ ಇನ್ನೊಂದು ದಿನ ಹಾಕಬೇಡಿ, ಕುರು ಏಳುವುದು ಅದರಿಂದಲೇ. ಮನೆಗೆ ಬಂದ ತಕ್ಷಣ ಬಿಚ್ಚಿ ಸ್ನಾನ ಮಾಡಿ. ಕಾಫಿ ಕುಡಿಯುತ್ತಾ ಅದೇ ಚಡ್ಡಿಯಲ್ಲಿ ಕೂರಬೇಡಿ.

ನೂರು ಕಿ.ಮೀ. ಮೇಲಿನ ರೈಡ್‌ಗೆ ತೊಡೆ ಸಂದಿಗೂ ಪ್ಯಾಡ್‌ಗೂ ಕ್ರೀಮ್ ಹಚ್ಚಿಕೊಳ್ಳಿ. ಸೈಕ್ಲಿಂಗ್‌ಗೆ ಅಂತಲೇ ಸಿಗುತ್ತದೆ.

ಮಲೆನಾಡಫಿಸಿಯೊ, ಶಿವಮೊಗ್ಗ

ಜೋಮಿನ ಬಗ್ಗೆ ನನ್ನ ಕಡೆಯಿಂದ ಒಂದು ಮಾತು. ವೃತ್ತಿಯಲ್ಲಿ ಫಿಸಿಯೊಥೆರಪಿಸ್ಟ್, ವಾರಕ್ಕೆ ಮೂರು ದಿನ ಸೈಕಲ್ ತುಳಿಯುತ್ತೇನೆ. ಮೂಳೆ ನೋವನ್ನು ಸ್ವಲ್ಪ ದಿನ ತಡೆದುಕೊಳ್ಳಬಹುದು. ಜೋಮನ್ನು ತಡೆದುಕೊಳ್ಳಬಾರದು. ಎರಡು ಮೂಳೆಗಳ ನಡುವಿನ ಜಾಗದಲ್ಲಿ ನರವೂ ರಕ್ತನಾಳವೂ ಹಾದುಹೋಗುತ್ತವೆ. ಸೀಟಿನ ಮೂತಿ ಅವುಗಳನ್ನು ಒತ್ತಿದಾಗ ಜೋಮು ಬರುತ್ತದೆ. ಅದು ಮೈ ಕೊಡುವ ಎಚ್ಚರಿಕೆ.

ಅಮೆರಿಕದಲ್ಲಿ ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳುವ ನಿಯಾಶ್ ಅನ್ನುವ ಸರ್ಕಾರಿ ಸಂಸ್ಥೆ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರ ಮೇಲೆ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿತು. ಅವರಿಗೆ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳು ಓಡಿಸಲು ಹೇಳಿದರು. ಜೋಮು ಬಂದೇ ಇಲ್ಲ ಅಂದವರು ಮೊದಲು 27 ಶೇಕಡ ಇದ್ದರು, ಆರು ತಿಂಗಳ ನಂತರ 82 ಶೇಕಡ ಆದರು. ಅಂದರೆ ಇದು ಮನಸ್ಸಿನ ಗಟ್ಟಿತನದ ಪ್ರಶ್ನೆ ಅಲ್ಲ, ಒತ್ತಡ ಎಲ್ಲಿ ಬೀಳುತ್ತದೆ ಅನ್ನುವ ಪ್ರಶ್ನೆ. ನಿಮಗೆ ಮೂತಿಯಿಲ್ಲದ ಸೀಟೇ ಬೇಕು ಅಂತ ಹೇಳುತ್ತಿಲ್ಲ. ರೋಡ್ ಬೈಕ್‌ನಲ್ಲಿ ತಿರುವು ತಗೊಳ್ಳುವಾಗ ತೊಡೆಗೆ ಮೂತಿ ಆಸರೆ ಕೊಡುತ್ತದೆ, ಅದಿಲ್ಲದೆ ಕೆಲವರಿಗೆ ಹಿಡಿತ ತಪ್ಪಿದ ಹಾಗೆ ಅನಿಸುತ್ತದೆ. ಗಿಡ್ಡ ಮೂತಿಯದು ನಡುವಿನ ದಾರಿ.

ಸೀಟಿನ ವಾಲು ನೋಡಿದ್ದೀರಾ? ಸೀಟಿನ ಮೇಲೆ ಉದ್ದಕ್ಕೂ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಅದರ ಮೇಲೆ ಫೋನ್ ಇಡಿ, ಫೋನಿನಲ್ಲೇ ರಸಮಟ್ಟ ಇರುತ್ತದೆ. ಬೈಕ್ ಸಮತಟ್ಟು ನೆಲದ ಮೇಲೆ ನಿಂತಿರಬೇಕು. ಮೂತಿ ಸ್ವಲ್ಪ ಮೇಲಿದ್ದರೂ ಜೋಮು ಬರಬಹುದು. ಸೊನ್ನೆಯಿಂದ ಶುರು ಮಾಡಿ, ಬೇಕಾದರೆ ಒಂದೊಂದೇ ಡಿಗ್ರಿ ಮೂತಿ ಇಳಿಸಿ. ಮೂರು ಡಿಗ್ರಿ ದಾಟಿದರೆ ಮುಂದಕ್ಕೆ ಜಾರುತ್ತೀರಿ, ಭಾರ ಅಂಗೈಗೆ ಬಿದ್ದು ಬೆರಳು ಜೋಮು ಹಿಡಿಯುತ್ತದೆ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ, ಜೋಮು ಬರುವ ಮೊದಲೇ. ಇಳಿದ ಮೇಲೂ ಗಂಟೆಗಟ್ಟಲೆ ಜೋಮು ಹೋಗದಿದ್ದರೆ ಡಾಕ್ಟರನ್ನು ನೋಡಿ.

ಕಡಲದಂಡೆ, ಉಡುಪಿ

ಚರ್ಮದ ಸೀಟಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಏಳು ವರ್ಷದಿಂದ ಬ್ರೂಕ್ಸ್ ಬಿ17 ಮೇಲೆ ಕೂರುತ್ತಿದ್ದೇನೆ. ಅದರಲ್ಲಿ ಫೋಮ್ ಇಲ್ಲ, ಜೆಲ್ ಇಲ್ಲ. ದಪ್ಪ ಚರ್ಮವನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಕಟ್ಟಿರುತ್ತಾರೆ, ಹಗ್ಗದ ಮಂಚದ ಹಾಗೆ. ಮೊದಲ ದಿನ ಮರದ ಹಲಗೆಯೇ. ಸಾವಿರ ಕಿ.ಮೀ. ಹೊತ್ತಿಗೆ ನನ್ನ ಮೂಳೆ ಕೂರುವ ಜಾಗದಲ್ಲಿ ಎರಡು ತಗ್ಗು ಬಿದ್ದವು. ಈಗ ಆ ತಗ್ಗುಗಳು ನನ್ನ ಗುರುತು, ಬೇರೆ ಯಾರು ಕೂತರೂ ಅವರಿಗೆ ಹಿಡಿಸುವುದಿಲ್ಲ.

ಆ ಕಂಪನಿ ಹೇಳಿಕೊಳ್ಳುವ ಕಥೆ ನನಗೆ ಬಹಳ ಇಷ್ಟ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಕುದುರೆ ಸಾಮಾನು ಮಾಡುವ ವ್ಯಾಪಾರ ಶುರು ಮಾಡಿದ್ದ. 1878ರಲ್ಲಿ ಅವನ ಕುದುರೆ ಸತ್ತಿತು. ಹೊಸ ಕುದುರೆಗೆ ಹಣ ಇರಲಿಲ್ಲ, ಸೈಕಲ್ ಕಡ ತಂದು ಓಡಿಸಿದ. ಅದರ ಸೀಟು ಎಷ್ಟು ಕಷ್ಟ ಕೊಟ್ಟಿತೆಂದರೆ ತಾನೇ ಒಂದು ಮಾಡುತ್ತೇನೆ ಎಂದು ಹಟ ಹಿಡಿದ. 1882ರಲ್ಲಿ ಪೇಟೆಂಟ್ ಸಿಕ್ಕಿತು. ಗುಡ್ಡದದಾರಿಯವರ ಕಷ್ಟಕ್ಕೆ ಅಷ್ಟು ವಯಸ್ಸಾಗಿದೆ.

ಆದರೆ ನಮ್ಮ ಕರಾವಳಿ ಮಳೆಯಲ್ಲಿ ಅದನ್ನು ನೋಡಿಕೊಳ್ಳುವುದು ಹಸು ಸಾಕಿದ ಹಾಗೆ. ಚರ್ಮ ನೆಂದು ಹಾಗೇ ಕೂತು ಓಡಿಸಿದರೆ ಜೋತು ಬೀಳುತ್ತದೆ. ಆಷಾಢದಲ್ಲಿ ಎರಡು ವಾರ ಮುಟ್ಟದೆ ಇಟ್ಟಿದ್ದಕ್ಕೆ ಬೂಸ್ಟು ಬಂದಿತ್ತು, ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದೆ. ಬಿಸಿಲಿಗೆ ಇಡಬಾರದು. ಅದಕ್ಕೆ ಅಂತಲೇ ಮೇಣ ಬರುತ್ತದೆ, ಆಗಾಗ ಹಚ್ಚಬೇಕು. ಸೀಟಿನಡಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡೇ ಹೊರಡುತ್ತೇನೆ. ತೂಕ ಅರ್ಧ ಕೆ.ಜಿ. ದಾಟುತ್ತದೆ. ಪೋಸ್ಟ್‌ಗೆ ಬಿಗಿಯುವ ಅಡಿಯ ಕಂಬಿ ಗಿಡ್ಡ, ಆದ್ದರಿಂದ ಸೀಟನ್ನು ಹಿಂದಕ್ಕೆ ಸರಿಸಲು ಜಾಗ ಕಮ್ಮಿ. ನಿಮ್ಮ ಹತ್ತಿರ ಎರಡೂವರೆ ತಿಂಗಳಷ್ಟೇ ಇರುವಾಗ ನಾನು ಇದನ್ನು ಹೇಳುವುದಿಲ್ಲ. ಆಮೇಲೆ, ನಿಧಾನವಾಗಿ ದೂರ ಹೋಗುವ ಆಸೆ ಹುಟ್ಟಿದರೆ ನೆನಪಿಟ್ಟುಕೊಳ್ಳಿ.

ಗುಡ್ಡದದಾರಿ, ಬೆಂಗಳೂರು (ಎರಡು ವಾರದ ನಂತರ)

ಸೀಟು ಈಗ 70ಕ್ಕೆ ಇಳಿದಿದೆ. ಎಡಗಡೆ ನೋವು ಮುಕ್ಕಾಲು ಪಾಲು ಹೋಗಿದೆ. ಅದೇ ಹಳೆಯ ಸೀಟಿನಲ್ಲೇ! ಒಳಚಡ್ಡಿ ಬಿಟ್ಟ ಮೇಲೆ ಉರಿಯೂ ಇಲ್ಲ. ಮೂತಿ ಎರಡು ಡಿಗ್ರಿ ಮೇಲೆದ್ದಿತ್ತು, ಸೊನ್ನೆ ಮಾಡಿದ್ದೇನೆ. ಜೋಮು ತಡವಾಗಿ ಬರುತ್ತದೆ, ಆದರೆ ಬರುತ್ತದೆ.

128ಕ್ಕೆ 25 ಸೇರಿಸಿದರೆ 153. ನಮ್ಮ ಬಡಾವಣೆಯ ಸೈಕಲ್ ಗುಂಪಿನ ಒಬ್ಬರ ಹತ್ತಿರ 155ರ ಗಿಡ್ಡ ಮೂತಿ ಸೀಟು ಸುಮ್ನೆ ಬಿದ್ದಿತ್ತು, ಹದಿನೈದು ದಿನ ಓಡಿಸಿ ನೋಡು ಅಂತ ಕೊಟ್ಟಿದ್ದಾರೆ. ನಿನ್ನೆ ಹಾಕಿಕೊಂಡು 40 ಕಿ.ಮೀ. ಹೋದೆ. ಜೋಮು ಇಲ್ಲವೇ ಇಲ್ಲ. ಆದರೆ ಮಂಡಿಯ ಮುಂಭಾಗ ನೋವು, ಅಂಗೈ ಮೇಲೆ ಪೂರಾ ಭಾರ. ಎತ್ತರ ಅಷ್ಟೇ ಇಟ್ಟಿದ್ದೇನೆ. ಹಳೆಯ ಸೀಟಿನ ಮೂತಿ ಎಲ್ಲಿತ್ತೋ ಹೊಸದರ ಮೂತಿಯನ್ನೂ ಸರಿಯಾಗಿ ಅಲ್ಲಿಗೇ ತಂದು ಬಿಗಿದೆ. ಎಲ್ಲಿ ತಪ್ಪಾಯಿತು?

ಬೆಳಗಿನಗಾಳಿ, ತುಮಕೂರು

ಮೂತಿಯನ್ನು ಹೊಂದಿಸಿದ್ದೇ ತಪ್ಪಾಗಿದ್ದು ಸರ್. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಸಾಮಾನ್ಯ ಸೀಟು 27-28 ಸೆ.ಮೀ. ಉದ್ದ ಇರುತ್ತದೆ, ಗಿಡ್ಡ ಮೂತಿಯದು 24-25. ಕಡಿಮೆಯಾಗಿರುವುದು ಮೂತಿ ಕಡೆಯಿಂದ. ಮೂತಿಗೆ ಮೂತಿ ಹೊಂದಿಸಿದರೆ ನೀವು ಕೂರುವ ಜಾಗ ಮೂರು ಸೆ.ಮೀ. ಮುಂದಕ್ಕೆ ಬಂತು. ಮಂಡಿ ಪೆಡಲ್‌ಗಿಂತ ಮುಂದೆ ಹೋಯಿತು, ಮೈ ಭಾರ ಕೈಗೆ ಬಿತ್ತು.

ಹೀಗೆ ಮಾಡಿ. ಹಳೆಯ ಸೀಟಿನ ಮೇಲೆ ಸ್ಕೇಲ್ ಅಡ್ಡ ಇಟ್ಟು, ಅಗಲ ಸರಿಯಾಗಿ 80 ಮಿ.ಮೀ. ಇರುವ ಜಾಗ ಹುಡುಕಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹೊಸ ಸೀಟಿನಲ್ಲೂ ಹಾಗೇ ಎಳೆಯಿರಿ. ಹಳೆಯ ಗೆರೆಯಿಂದ ಹ್ಯಾಂಡಲ್‌ನ ನಡುವಿಗೆ ಎಷ್ಟು ದೂರ ಇತ್ತೋ ಹೊಸ ಗೆರೆಯಿಂದಲೂ ಅಷ್ಟೇ ಇರಬೇಕು. ಮೂತಿ ಮೂರು ಸೆ.ಮೀ. ಹಿಂದೆ ಹೋದ ಹಾಗೆ ಕಾಣುತ್ತದೆ, ಕಾಣಲಿ ಬಿಡಿ. ಎತ್ತರವನ್ನೂ ಅದೇ ಗೆರೆಯ ಹತ್ತಿರವೇ ಅಳೆಯಿರಿ. ಕಂಬಿಯಿಂದ ಮೇಲ್ಭಾಗಕ್ಕೆ ಒಂದೊಂದು ಸೀಟಿನ ದಪ್ಪ ಒಂದೊಂದು ಥರ, ಪೋಸ್ಟ್ ಅಲ್ಲಾಡಿಸದಿದ್ದರೂ ಎತ್ತರ ಬದಲಾಗಿರುತ್ತದೆ.

ಚಾಮುಂಡಿಏರು, ಮೈಸೂರು

ಬೆಳಗಿನಗಾಳಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಬೋಲ್ಟ್ ಬಿಗಿಯುವಾಗ ಪೋಸ್ಟ್ ಮೇಲೆ ಎಷ್ಟು ಎನ್.ಎಂ. (ಬಿಗಿತದ ಅಳತೆ) ಅಂತ ಬರೆದಿರುತ್ತದೆ, ಅಷ್ಟಕ್ಕೇ ನಿಲ್ಲಿಸಿ. ಕಂಬಿಯ ಮೇಲೆ ಸರಿಸಬಹುದಾದ ಮಿತಿಗೆ ಗೆರೆ ಇರುತ್ತದೆ, ಅದರಾಚೆ ಹೋಗಬೇಡಿ. ಕಾರ್ಬನ್ ಕಂಬಿಯ ಸೀಟು ತಗೊಳ್ಳುವುದಾದರೆ ಅದು ಅಂಡಾಕಾರ ಇರುತ್ತದೆ, ನಿಮ್ಮ ಪೋಸ್ಟಿನ ಕ್ಲಾಂಪ್‌ಗೆ ಹಿಡಿಯುತ್ತದಾ ಮೊದಲೇ ಕೇಳಿ. 7 ಮಿ.ಮೀ. ದುಂಡು ಕಂಬಿ ಆದರೆ ಚಿಂತೆ ಇಲ್ಲ.

ಅಂದ ಹಾಗೆ ಟೈರ್‌ನಲ್ಲಿ ಎಷ್ಟು ಗಾಳಿ ಇಡುತ್ತೀರಿ?

ಗುಡ್ಡದದಾರಿ, ಬೆಂಗಳೂರು

120 ಪಿಎಸ್‌ಐ. ಟೈರ್ ಮೇಲೆ ಅಷ್ಟೇ ಬರೆದಿದೆ. 25 ಎಂ.ಎಂ. ಟೈರ್.

ಚಾಮುಂಡಿಏರು, ಮೈಸೂರು

ಅದು ಹಾಕಲೇಬೇಕಾದ ಅಳತೆ ಅಲ್ಲ ಸರ್, ಅದಕ್ಕಿಂತ ಮೇಲೆ ಹೋಗಬೇಡಿ ಅನ್ನುವ ಮಿತಿ. ನಮ್ಮ ರಸ್ತೆಯ ಒಂದೊಂದು ತೇಪೆಯೂ ನೇರವಾಗಿ ಸೀಟಿಗೆ ಬಂದು ಬಡಿಯುತ್ತಿದೆ. 90ಕ್ಕೆ ಇಳಿಸಿ ನೋಡಿ. ಟೈರ್ ಬದಲಾಯಿಸುವ ಸಮಯ ಬಂದಾಗ, ಫ್ರೇಮಿನಲ್ಲಿ ಜಾಗ ಇದ್ದರೆ 28 ಹಾಕಿಸಿ, ಇನ್ನೂ ಕಮ್ಮಿ ಗಾಳಿಯಲ್ಲಿ ಓಡಿಸಬಹುದು. ಹಂಪ್ ಬಂದಾಗಲೆಲ್ಲ ಪೆಡಲ್ ಮೇಲೆ ಎದ್ದು ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಸೀಟಿಗೆ ಸಾವಿರ ರೂಪಾಯಿ ಜಾಸ್ತಿ ಹಾಕುವುದಕ್ಕಿಂತ ಇದರಿಂದ ಸಿಗುವ ಆರಾಮ ದೊಡ್ಡದು.

ಗುಡ್ಡದದಾರಿ, ಬೆಂಗಳೂರು (ಒಂದು ತಿಂಗಳ ನಂತರ)

ಸೀಮೆಸುಣ್ಣದ ಗೆರೆ ಹೊಂದಿಸಿದ ಮೇಲೆ ಮಂಡಿ ನೋವು ಎರಡೇ ರೈಡ್‌ನಲ್ಲಿ ಹೋಯಿತು. ಮೂತಿಯನ್ನು ಒಂದೂವರೆ ಡಿಗ್ರಿ ಕೆಳಗೆ ಇಟ್ಟಿದ್ದೇನೆ. ಕಡ ತಂದಿದ್ದ ಸೀಟನ್ನು ಅವರಿಂದಲೇ ಕೊಂಡುಕೊಂಡೆ. ನಂದಿ ಎರಡು ಸಲ, ಒಮ್ಮೆ 130 ಕಿ.ಮೀ. ಚಿಕ್ಕಬಳ್ಳಾಪುರದ ಆಚೆಗೆ. ಕೊನೆಯ 20 ಕಿ.ಮೀ. ಮೂಳೆ ಸ್ವಲ್ಪ ನೊಂದಿತು, ಮಾರನೆಯ ದಿನಕ್ಕೆ ಏನೂ ಇಲ್ಲ.

ಗೋಳಗುಮ್ಮಟ, ವಿಜಯಪುರ

ಆ ನೋವು ಇರಬೇಕಾದ ಜಾಗದಲ್ಲೇ ಇದೆ, ಚಿಂತಿ ಮಾಡಬ್ಯಾಡ್ರಿ. ಇನ್ನು ಬಿಆರ್‌ಎಂ ಮುಗಿಯುವ ತನಕ ಏನನ್ನೂ ಮುಟ್ಟಬೇಡಿ. ಹಿಂದಿನ ದಿನ ಹೊಸ ಚಡ್ಡಿ, ಹೊಸ ಶೂ ಯಾವುದೂ ಬೇಡ.

ಗುಡ್ಡದದಾರಿ, ಬೆಂಗಳೂರು (ಬಿಆರ್‌ಎಂ ಮುಗಿಸಿ)

ಮುಗಿಸಿದೆ! 11 ಗಂಟೆ 20 ನಿಮಿಷ. ಬೆಳಗ್ಗೆ ಆರಕ್ಕೆ ಹೊರಟಿದ್ದು, ಮಧ್ಯಾಹ್ನ ಬಿಸಿಲು ಜೋರಿತ್ತು. 140ರ ಹತ್ತಿರ ಒಂದು ಚೆಕ್ ಪಾಯಿಂಟ್‌ನಲ್ಲಿ ಮಜ್ಜಿಗೆ ಕುಡಿದು, ಕ್ರೀಮ್ ಮತ್ತೊಮ್ಮೆ ಹಚ್ಚಿಕೊಂಡು ಹೊರಟೆ. 170ರ ಮೇಲೆ ಎರಡೂ ಮೂಳೆ ನೋಯುತ್ತಿದ್ದವು, ಎರಡೂ ಸಮನಾಗಿ! ಜೋಮು ಒಂದು ಸಲವೂ ಬರಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಏಳುವುದಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೆ, ಮಧ್ಯಾಹ್ನದ ಹೊತ್ತಿಗೆ ಅಲಾರಂ ಇಲ್ಲದೆಯೇ ಏಳುತ್ತಿದ್ದೆ. ಮನೆಗೆ ಬಂದು ಮರದ ಕುರ್ಚಿಯ ಮೇಲೆ ಕೂತು ಊಟ ಮಾಡಿದೆ. ಎರಡು ತಿಂಗಳ ಹಿಂದೆ ನಂದಿಗೆ ಹೋಗಿ ಬಂದರೆ ನಿಂತೇ ಊಟ ಮಾಡುತ್ತಿದ್ದೆ.

ನೀವೆಲ್ಲ ಅಷ್ಟಷ್ಟು ಉದ್ದ ಬರೆಯದೆ ಇದ್ದಿದ್ದರೆ ನಾನು ಇನ್ನೂ ನಾಲ್ಕು ಸೀಟು ಕೊಳ್ಳುತ್ತಿದ್ದೆ. ಒಬ್ಬೊಬ್ಬರಿಗೂ ಋಣಿ.

ಹಳೆಯ 140ರ ಸೀಟು ಹಾಗೇ ಇದೆ, ಒಂದು ಗೀರೂ ಇಲ್ಲ. ಯಾರಿಗಾದರೂ ಆಗುವುದಾದರೆ ಕೊಡುತ್ತೇನೆ, ದುಡ್ಡು ಬೇಡ. ಅಳತೆ ಹೇಳಿ.

ಹೊಸಹುರುಪು, ಚಿತ್ರದುರ್ಗ

ನಮಸ್ತೆ ಸರ್, ಕಾಲೇಜ್ ವಿದ್ಯಾರ್ಥಿ. ಮೊದಲಿಂದ ಎಲ್ಲ ಓದಿದೆ. ನನ್ನ ಬೈಕಿನ ಸೀಟು ಹರಿದುಹೋಗಿದೆ, ಮೇಲೆ ಟವೆಲ್ ಸುತ್ತಿಕೊಂಡು ಓಡಿಸುತ್ತಿದ್ದೇನೆ. ರಟ್ಟಿನ ಮೇಲೆ ಕೂತು ಅಳೆದೆ, ಮೂರು ಸಲವೂ 114 ಬಂತು.

ಚಾಮುಂಡಿಏರು, ಮೈಸೂರು

114ಕ್ಕೆ 140 ಸರಿಯಾಗಿ ಕೂರುತ್ತದೆ. ಹಾಕುವ ಮೊದಲು ಕಾಲಿನ ಅಳತೆ ತೆಗೆದುಕೊಳ್ಳಪ್ಪ.

ಗುಡ್ಡದದಾರಿ, ಬೆಂಗಳೂರು

ವಿಳಾಸವನ್ನು ನನಗೆ ಬೇರೆಯಾಗಿ ಕಳಿಸು, ಇಲ್ಲಿ ಹಾಕಬೇಡ. ಸೋಮವಾರ ಕೊರಿಯರ್ ಮಾಡುತ್ತೇನೆ. 80 ಮಿ.ಮೀ. ಗೆರೆ ಅದರ ಮೇಲೆ ಎಳೆದೇ ಇದೆ, ಅಳಿಸಿಲ್ಲ.